ಹಿತ್ತಿಲ ಗಿಡಕ್ಕೆ ಬೇವಿನ ಕಾವಲು



ರಾಯಚೂರು ಜಿಲ್ಲೆಯಲ್ಲಿ, ಮಸ್ಕಿಗೆ ಸಮೀಪದ ಸಂತೆಕಲ್ಲೂರು ಕನ್ನಡದ ಕೃಷಿ ಸಾಹಿತ್ಯದಲ್ಲಿ ನೆನೆಯಬೇಕಾದ ಊರು. 19ನೇ ಶತಮಾನದಲ್ಲಿ ಇಲ್ಲಿನ ಘನಮಠ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನು ರಚಿಸಿದರು. ಒಕ್ಕಲುತನದ ತಿಳಿವಳಿಕೆಯನ್ನು ಬರೆದಿಡಬೇಕು, ಹಂಚಬೇಕು ಎಂಬ ಕಾಳಜಿ ಈ ನೆಲಕ್ಕೆ ಹೊಸದಲ್ಲ.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ನಮ್ಮ ತಂಡ ಈ ಭಾಗದಲ್ಲಿ ಓಡಾಡುತ್ತಿತ್ತು. ಒಂದು ಮನೆಯ ಹಿತ್ತಿಲಲ್ಲಿ ಬದನೆ, ಬೆಂಡೆ, ಪುಂಡಿಪಲ್ಯ ಸೊಗಸಾಗಿ ಬೆಳೆದಿದ್ದವು. ಎಲೆಯ ಮೇಲೆ ಒಂದು ಹುಳುವೂ ಇರಲಿಲ್ಲ. ಏನು ಉಪಾಯ ಎಂದು ಮನೆಯೊಡತಿಯನ್ನು ಕೇಳಿದೆ. “ಹತ್ತಿಗೆ ಹೊಡೆದ ಎಣ್ಣಿ ಪಂಪಿನಾಗ ಉಳಿದಿತ್ರಿ. ಚೆಲ್ಲೂದು ಯಾಕಂತ ಇದಕ್ಕೂ ಹೊಡದ್ವಿ” ಎಂದರು. ಆಗ ನಾವು ಊಟಕ್ಕೆ ಕುಳಿತಿದ್ದೆವು. ತಟ್ಟೆಯಲ್ಲಿದ್ದುದು ಅದೇ ಗಿಡದ ಎಣ್ಣೆಗಾಯಿ.

ಆಕೆಯದು ನಿರ್ಲಕ್ಷ್ಯವಲ್ಲ, ಮಿತವ್ಯಯ. ಆದರೆ ಹತ್ತಿಯನ್ನು ನಾವು ತಿನ್ನುವುದಿಲ್ಲ. ಬದನೆಯನ್ನು ದಿನ ಬಿಟ್ಟು ದಿನ ಕೊಯ್ದು ತಿನ್ನುತ್ತೇವೆ. ಪ್ರತಿ ಕೀಟನಾಶಕಕ್ಕೂ ಸಿಂಪಡಣೆಯಾದ ಮೇಲೆ ಕೊಯ್ಲಿಗೆ ಕಾಯಬೇಕಾದ ಅವಧಿ ಇರುತ್ತದೆ. ಹಿತ್ತಿಲಲ್ಲಿ ಯಾರೂ ಅಷ್ಟು ಕಾಯುವುದಿಲ್ಲ. ಮಾನೊಕ್ರೊಟೊಫಾಸ್ ಅನ್ನು ತರಕಾರಿಗೆ ಬಳಸುವುದನ್ನು ನಮ್ಮ ದೇಶದಲ್ಲಿ 2005ರಲ್ಲೇ ನಿಷೇಧಿಸಲಾಯಿತು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಇದೇ ವಿಷ ಇದ್ದುದು ಪರೀಕ್ಷೆಯಲ್ಲಿ ತಿಳಿಯಿತು. ಹೊಲದ ವಿಷವಾಗಲಿ, ಅದರ ಖಾಲಿ ಡಬ್ಬಿಯಾಗಲಿ, ಅದೇ ಪಂಪಾಗಲಿ ಅಡುಗೆಮನೆಯ ಹತ್ತಿರ ಸುಳಿಯಬಾರದು.

ಹಾಗಾದರೆ ಹಿತ್ತಿಲ ಗಿಡಕ್ಕೆ ಏನು ಮಾಡೋಣ? ಉತ್ತರ ನಮ್ಮ ಬದುವಿನ ಮೇಲೆಯೇ ನಿಂತಿದೆ: ಬೇವಿನ ಮರ.

1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಪೈರಿಗೆ ಸಿಂಪಡಿಸಿದರು. ಸಿಂಪಡಿಸಿದ ಪೈರನ್ನು ಮಿಡತೆಗಳು ತಿನ್ನಲಿಲ್ಲ. ಆ ಗುಣಕ್ಕೆ ಮುಖ್ಯ ಕಾರಣವಾದ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು 1968ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಬೇರ್ಪಡಿಸಿದರು. ಇದು ಕೀಟವನ್ನು ಕೂಡಲೇ ಕೊಲ್ಲುವುದಿಲ್ಲ. ಎಲೆ ತಿನ್ನುವ ಆಸೆಯನ್ನು ಕೆಡಿಸುತ್ತದೆ, ಮರಿಹುಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಆದ್ದರಿಂದ ಸಿಂಪಡಿಸಿದ ಮರುದಿನ ಹುಳು ಜೀವಂತ ಕಂಡಿತೆಂದು ನಿರಾಶರಾಗಬೇಡಿ. ಮೂರು-ನಾಲ್ಕು ದಿನ ನೋಡಿ.

ಈಗ ತಯಾರಿಕೆಯ ಕ್ರಮ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಬೇವಿನ ಹಣ್ಣು ಉದುರುತ್ತದೆ. ಅದನ್ನು ಆರಿಸಿ, ಸಿಪ್ಪೆ ಮತ್ತು ಲೋಳೆಯನ್ನು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಇಲ್ಲವೆ ಗೋಣಿಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಮೂರು ತಿಂಗಳು ಕಳೆದ ಮೇಲೆ, ಹತ್ತು ತಿಂಗಳೊಳಗೆ ಬಳಸುವುದು ಉತ್ತಮ.

ಹತ್ತಿಪ್ಪತ್ತು ಗಿಡಗಳಿಗೆ ಎರಡು ಲೀಟರ್ ಕಷಾಯ ಸಾಕು. 100 ಗ್ರಾಂ ತಿರುಳನ್ನು ತರಿತರಿಯಾಗಿ ಕುಟ್ಟಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಳಿಗ್ಗೆ ಅರ್ಧ ಲೀಟರ್ ನೀರಿನಲ್ಲಿ ನೆನೆಹಾಕಿ. ಸಂಜೆ ಗಂಟನ್ನು ಹಾಲಿನಂತಹ ನೀರು ಬರುವುದು ನಿಲ್ಲುವವರೆಗೆ ಹಿಂಡಿ, ಸೋಸಿ, ಒಟ್ಟು ಎರಡು ಲೀಟರಿಗೆ ನೀರು ಸೇರಿಸಿ. ಎಲೆಗೆ ಅಂಟಲೆಂದು ಅರ್ಧ ಚಮಚ ಸೋಪಿನ ತುರಿಯನ್ನು ಕರಗಿಸಿ ಬೆರೆಸಿ. ಇದೇ ಶೇಕಡಾ 5ರ ಕಷಾಯ. ಕುದಿಸಬೇಡಿ, ನಾಳೆಗೆ ಉಳಿಸಬೇಡಿ. ಕೀಟಗಳು ಅಡಗುವುದು ಎಲೆಯ ಅಡಿಯಲ್ಲಿ. ಅಲ್ಲಿಗೂ ತಾಗುವಂತೆ ಸಿಂಪಡಿಸಿ.

ಸಂಜೆಯೇ ಏಕೆ? ಬಿಸಿಲು ಬಿದ್ದರೆ ಅಜಾಡಿರಾಕ್ಟಿನ್ ಬೇಗ ಕೆಡುತ್ತದೆ. ವಿಜ್ಞಾನ ಓದಿದ ನಾನೇ ಒಮ್ಮೆ ಇದನ್ನು ಮರೆತೆ. ನಮ್ಮಂಗಳದ ಮೆಣಸಿನ ಗಿಡಕ್ಕೆ ಸೋಪನ್ನು ಇಮ್ಮಡಿ ಹಾಕಿ ನಡುಮಧ್ಯಾಹ್ನ ಹೊಡೆದೆ. ಎರಡೇ ದಿನದಲ್ಲಿ ಎಲೆಯ ಅಂಚು ಸುಟ್ಟುಹೋಯಿತು, ಹೇನು ಮಾತ್ರ ಹಾಗೆಯೇ ಇತ್ತು. ಅಂದಿನಿಂದ ಮೊದಲು ಒಂದೇ ಗಿಡಕ್ಕೆ ಹೊಡೆದು, ಎರಡು ದಿನ ಬಿಟ್ಟು ಉಳಿದವಕ್ಕೆ ಹೊಡೆಯುತ್ತೇನೆ. ಮಳೆ ಬಂದು ತೊಳೆದುಹೋದರೆ ಮತ್ತೆ ಹೊಡೆಯಬೇಕು; ಇಲ್ಲವಾದರೆ ವಾರಕ್ಕೊಮ್ಮೆ ಸಾಕು.

ಬೇವಿಗೂ ಮಿತಿಯುಂಟು. ಸಸ್ಯಹೇನು, ಜಿಗಿಹುಳು, ಬಿಳಿನೊಣ, ಎಲೆ ತಿನ್ನುವ ಎಳೆಯ ಮರಿಹುಳುಗಳ ಮೇಲೆ ಇದು ಕೆಲಸ ಮಾಡುತ್ತದೆ. ಬದನೆಯ ಕುಡಿಯೊಳಗೆ ಹೊಕ್ಕ ಕೊರಕ ಹುಳುವಿಗೆ ಮುಟ್ಟುವುದಿಲ್ಲ. ಬಾಡಿದ ಕುಡಿಯನ್ನು, ತೂತುಬಿದ್ದ ಕಾಯನ್ನು ಕಿತ್ತು ನಾಶಮಾಡುವುದೊಂದೇ ದಾರಿ. ಗಿಡದ ಮೇಲೆ ಗುಲಗಂಜಿ ಹುಳುಗಳು ಓಡಾಡುತ್ತಿದ್ದರೆ ಸ್ವಲ್ಪ ತಾಳಿ. ಹೇನನ್ನು ಅವೇ ತಿನ್ನುತ್ತವೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮನೆಯಲ್ಲಿ ಮಾಡಿದ್ದೆಲ್ಲ ನಿರಪಾಯಕಾರಿಯಲ್ಲ. ತಂಬಾಕಿನ ಕಷಾಯದಲ್ಲಿರುವ ನಿಕೋಟಿನ್ ಕಟುವಿಷ, ಚರ್ಮದ ಮೂಲಕವೂ ಮೈ ಸೇರುತ್ತದೆ. ತಿನ್ನುವ ಗಿಡಕ್ಕೆ ಅದು ಬೇಡವೇ ಬೇಡ. ಬೆಳ್ಳುಳ್ಳಿ-ಮೆಣಸಿನಕಾಯಿ ರಸ ಹೊಡೆಯುವಾಗ ಕಣ್ಣು ಜೋಪಾನ. ಬೇವಿನ ಕಷಾಯವನ್ನೂ ಮಕ್ಕಳ ಕೈಗೆ ಸಿಗದಂತಿಡಿ, ತರಕಾರಿಯನ್ನು ತೊಳೆದೇ ಬಳಸಿ.

ಈ ಸಲ ಬೇವಿನ ಹಣ್ಣು ಉದುರಿದಾಗ ಒಂದು ಬುಟ್ಟಿ ಆರಿಸಿಡಿ. ವರ್ಷದ ಹಿತ್ತಿಲಿಗೆ ಅಷ್ಟು ಸಾಕು.