ಓಡುವ ನಾಯಿಯ ಚಿತ್ರ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಭೋಸರಿಯ ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ನಾವು ರಜೆಯಲ್ಲಿ ಊರಿಗೆ ಹೋದರೆ ಮೊದಲು ಓಡಿಬಂದು ಎದುರುಗೊಳ್ಳುವುದು ಮನೆಯ ನಾಯಿ. ಅದರ ಚಿತ್ರ ತೆಗೆದು ತರುತ್ತೇವೆ. ಇಲ್ಲಿ ನೋಡಿದರೆ ಓಟವೇ ಇಲ್ಲ. ನಾಯಿ ಗಾಳಿಯಲ್ಲಿ ತೂಗುಹಾಕಿದಂತಿರುತ್ತದೆ.

ಕಾರಣ ಷಟರಿನ ವೇಗ. ಮುಧೋಳದ ನಾಯಿ ಸೆಕೆಂಡಿಗೆ 10 ಮೀಟರು ಓಡಿತೆನ್ನೋಣ. ಷಟರು ಸೆಕೆಂಡಿನ 1/1000 ಭಾಗ ತೆರೆದರೆ ಅದು ಸರಿಯುವುದು 1 ಸೆಂಟಿಮೀಟರು. 1/30 ಭಾಗ ತೆರೆದರೆ 33 ಸೆಂಟಿಮೀಟರು. 1878ರಲ್ಲಿ ಮೈಬ್ರಿಜ್ ಅವರು ಓಡುವ ಕುದುರೆಯ ನಾಲ್ಕು ಕಾಲೂ ನೆಲ ಬಿಟ್ಟ ಕ್ಷಣವನ್ನು ಹಿಡಿದು ತೋರಿಸಿದರು. ಕಣ್ಣಿಗೆ ಕಾಣದ್ದನ್ನು ಹಿಡಿಯಲು ಶೀಘ್ರ ಷಟರು ಬೇಕು. ಕಣ್ಣು ಕಂಡ ಓಟವನ್ನು ಉಳಿಸಲು ನಿಧಾನದ ಷಟರೇ ಸರಿ.

ಕ್ಯಾಮರವಾಗಲಿ, ಷಟರು ಬದಲಿಸಬರುವ ಮೊಬೈಲಾಗಲಿ, 1/30ಕ್ಕೆ ಇಡಿ. ನಾಯಿ ಎದುರಿಗೆ ಅಡ್ಡಲಾಗಿ ಓಡುವಾಗ ಸೊಂಟದಿಂದ ತಿರುಗುತ್ತ ಅದನ್ನೇ ಹಿಂಬಾಲಿಸಿ ಒತ್ತಿ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಮುಖ ನಿಚ್ಚಳವಾಗಿ, ಕಾಲುಗಳೂ ಹಿಂದಿನ ಬೇಲಿಯೂ ಗೆರೆಗೆರೆಯಾಗಿ ಬರುತ್ತವೆ. ಬಿಸಿಲಿನಲ್ಲಿ ಚಿತ್ರ ಬೆಳ್ಳಗಾದೀತು, ಸಂಜೆಯೇ ಮೇಲು. ಹತ್ತರಲ್ಲಿ ಒಂದು ಸರಿಬಂದರೂ ಲಾಭವೇ.

ನಾಯಿಯ ಆಯುಷ್ಯ ಹನ್ನೆರಡು ವರ್ಷವೆಂದರೆ, ವರ್ಷಕ್ಕೊಮ್ಮೆ ಹೋಗುವ ನಮಗದು ಹನ್ನೆರಡೇ ಭೇಟಿ. ಅದು ಓಡಿಬಂದದ್ದು ಚಿತ್ರದಲ್ಲಾದರೂ ಉಳಿಯಲಿ.