ಪಾಸಾದ್ರೂ ನೌಕರಿ ಯಾಕೆ ಸಿಗಲಿಲ್ಲ?

(ಭಾಗ್ಯನಗರದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಂಘಗಳ ಸಾಲದ ಪುಸ್ತಕ ನೋಡುವಾಗ ನಮಗೆ ಎಮ್ಮೆಗೆ, ಮಗ್ಗಕ್ಕೆ, ಮದುವೆಗೆ ಎಂದು ಬರೆದಿರುವುದರ ನಡುವೆ ಈಗೀಗ 'ಮಗನ ನೌಕರಿಗೆ' ಎಂದೂ ಕಾಣುತ್ತಿದೆ. ಅರ್ಜಿ ಫೀಸಿಗೆ, ಪುಸ್ತಕಕ್ಕೆ ಆದರೆ ಸಂತೋಷ. ಆದರೆ ಕೆಲವರು ಮೆಲ್ಲಗೆ ಹೇಳುತ್ತಾರೆ: "ಹುಡುಗ ಪಾಸಾಗ್ಯಾನ್ರಿ, ಆದ್ರೂ ಹೆಸರು ಬರಲಿಲ್ಲ. ಒಬ್ರು ರೊಕ್ಕ ಕೊಟ್ರ ಮಾಡಿಸಿಕೊಡ್ತೀನಿ ಅಂದಾರ." ಈ ಮಾತಿಗಾಗಿಯೇ ಇವತ್ತು ಈ ವಿಷಯ ತೆಗೆದುಕೊಂಡಿದ್ದೇವೆ.

ಬಣವೆಗೆ ಬೆಂಕಿ ಬಿದ್ದರೆ ಓಡಿ ಬರುವ ಕೆಂಪು ಗಾಡಿಯವರ ನೌಕರಿಯನ್ನೇ ನೋಡೋಣ. 2020ರಲ್ಲಿ ನಮ್ಮ ರಾಜ್ಯದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ 1,567 ಹುದ್ದೆಗೆ ಅರ್ಜಿ ಕರೆಯಿತು. ಅದರಲ್ಲಿ 1,222 ಅಗ್ನಿಶಾಮಕರ ಹುದ್ದೆ, ಓದು ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು. ಎಸ್ಸೆಸ್ಸೆಲ್ಸಿ ಆದವರು ಊರೂರಿಗೆ ಇದ್ದಾರಲ್ಲ? ಹಾಗಾಗಿ ಪಾಸಾಗುವುದು ಬೇರೆ, ಪಟ್ಟಿಯಲ್ಲಿ ಮೇಲೆ ಬರುವುದು ಬೇರೆ.

ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ಲೆಕ್ಕ ತೆಗೆದುಕೊಂಡರೆ ಸುಲಭವಾಗಿ ತಿಳಿಯುತ್ತದೆ. 100 ಅಂಕದ ಲಿಖಿತ ಪರೀಕ್ಷೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಅಂದಮೇಲೆ ನಾಲ್ಕು ತಪ್ಪಾದರೆ ಒಂದು ಸರಿ ಉತ್ತರ ಹೋದಂತೆ. ಆಮೇಲೆ ಒಂದು ಹುದ್ದೆಗೆ ಐದು ಜನರಂತೆ ದೇಹದಾರ್ಢ್ಯಕ್ಕೆ ಕರೆಯುತ್ತಾರೆ. 20 ಹುದ್ದೆ ಇದ್ದರೆ 100 ಜನ. ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು, ಎತ್ತರ 157 ಸೆಂಟಿಮೀಟರ್, ತೂಕ 45 ಕಿಲೋ ಇರಬೇಕು. ಅಲ್ಲಿ ಎಷ್ಟು ಜೋರಾಗಿ ಓಡಿದರೂ ಅಂಕ ಹೆಚ್ಚಾಗದು, ದಾಟಿದರೆ ಆಯಿತು. ಕೊನೆಯ ಪಟ್ಟಿ ಲಿಖಿತ ಅಂಕದ ಮೇಲೆ, ಮೀಸಲಾತಿ ಲೆಕ್ಕದಂತೆ. ಆ ನೂರು ಜನರೂ ಓಟ ಪಾಸಾದರೂ 80 ಜನ ಮನೆಗೆ ಬರುತ್ತಾರೆ. ಅವರಿಗೆ ಯಾರೂ ಮೋಸ ಮಾಡಿಲ್ಲ ನೋಡ್ರಿ. ಆದರೆ ದಲ್ಲಾಳಿ ಹುಡುಕಿಕೊಂಡು ಬರುವುದು ಈ ಎಂಬತ್ತು ಮನೆಗಳಿಗೇ.

ಯಾವುದನ್ನು ಅಳೆಯುತ್ತಾರೆ ಎನ್ನುವುದೂ ದೊಡ್ಡ ಮಾತು. ಇಲ್ಲಿ ಕೂದಲು ಕೆಲಸ ಮಾಡುವವರಿಗೆ ಹೇಳಬೇಕಿಲ್ಲ: ಇಂಚಿನ ಮೇಲೆ ದರ ನಿಂತಾಗ ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1977ರಲ್ಲಿ ಮೊದಲ ಬಾರಿಗೆ ಹೆಂಗಸರಿಗೂ ಅಗ್ನಿಶಾಮಕರ ಪರೀಕ್ಷೆ ಬರೆಯಲು ಬಿಟ್ಟರು. ಬರವಣಿಗೆಯಲ್ಲಿ ಪಾಸಾದ ಹೆಂಗಸರು ಮೈಕಸುವಿನ ಪರೀಕ್ಷೆಗೆ ಹೋದರು, ಒಬ್ಬಳೂ ಪಾಸಾಗಲಿಲ್ಲ. ಬ್ರೆಂಡಾ ಬರ್ಕ್‌ಮನ್ ಎಂಬಾಕೆ ಸುಮ್ಮನೆ ಕೂಡಲಿಲ್ಲ, ಕೋರ್ಟಿಗೆ ಹೋದಳು. ಈ ಪರೀಕ್ಷೆಗೂ ಬೆಂಕಿ ನಂದಿಸುವ ಕೆಲಸಕ್ಕೂ ಇರುವ ಸಂಬಂಧವನ್ನು ನಗರ ತೋರಿಸಿಕೊಟ್ಟಿಲ್ಲ ಎಂದು 1982ರಲ್ಲಿ ಕೋರ್ಟು ಹೇಳಿತು. ಬೇರೆ ಪರೀಕ್ಷೆ ಇಟ್ಟರು. ಅದೇ ವರ್ಷ ಸುಮಾರು 40 ಹೆಂಗಸರು ಕೆಲಸಕ್ಕೆ ಸೇರಿದರು. ಪರೀಕ್ಷೆಯನ್ನು ಸಡಿಲ ಮಾಡಿ ಅಂತ ಆಕೆ ಬೇಡಲಿಲ್ಲ, ಕೆಲಸಕ್ಕೆ ಬೇಕಾದದ್ದನ್ನು ಅಳೆಯಿರಿ ಅಂದಳು. ನಮ್ಮ ದೇಶದಲ್ಲೂ ಹರ್ಷಿಣಿ ಕಾನ್ಹೇಕರ್ ಎಂಬ ಹೆಣ್ಣುಮಗಳು 2002ರಲ್ಲಿ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿಗೆ ಸೇರಿದಳು. ಅಲ್ಲಿಯವರೆಗೆ ಅಲ್ಲಿ ಓದಿದವರೆಲ್ಲ ಗಂಡಸರೇ.

ಆ ನ್ಯೂಯಾರ್ಕಿನಲ್ಲಿ ನಗರದ ವಾಸಿಗಳಿಗೆ 5 ಅಂಕ ಹೆಚ್ಚು ಸೇರಿಸುವ ಪದ್ಧತಿ ಇದೆ. ನಮ್ಮಲ್ಲಿ ಅಂಕ ಸೇರಿಸುವುದಿಲ್ಲ, ಹುದ್ದೆಯನ್ನೇ ತೆಗೆದಿಡುತ್ತಾರೆ. ಸಂವಿಧಾನದ 371ಜೆ ಕಲಮಿನ ಪ್ರಕಾರ 2013ರಿಂದ ಕೊಪ್ಪಳವೂ ಸೇರಿದ ನಮ್ಮ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ 'ಸಿ' ಗುಂಪಿನ ಹುದ್ದೆ ನೂರಕ್ಕೆ 80, 'ಡಿ' ಗುಂಪಿನದು ನೂರಕ್ಕೆ 85 ಇಲ್ಲಿಯವರಿಗೇ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಬೇರೆ ಇವೆ. ಆದರೆ ಇಲ್ಲಿ ಹುಟ್ಟಿದರೆ ಸಾಲದು, ಕೈಯಲ್ಲಿ ಕಾಗದ ಬೇಕು. 371ಜೆ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ್ದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರು ಮತ್ತು ಬಿ.ಇ.ಓ. ಸಹಿ ಬೇಕು. ಅರ್ಜಿಯ ಕೊನೆ ದಿನದೊಳಗೆ, ಅವರು ಹೇಳಿದ ನಮೂನೆಯಲ್ಲೇ ಇರಬೇಕು. ಒಳ್ಳೆ ಅಂಕ ಇದ್ದೂ ಈ ಒಂದು ಕಾಗದ ಇಲ್ಲದೆ ಸಾಮಾನ್ಯ ಪಟ್ಟಿಯಲ್ಲಿ ಬಿದ್ದು ಕೈತಪ್ಪಿದ ಹುಡುಗರನ್ನು ನಾವು ನೋಡಿದ್ದೇವೆ. ಹೊಟ್ಟೆ ಉರಿಯುತ್ತದೆ.

ಇನ್ನು ರೊಕ್ಕದ ಮಾತು. 2021ರ ಅಕ್ಟೋಬರ್ 3ರಂದು 545 ಪಿ.ಎಸ್.ಐ. ಹುದ್ದೆಗೆ ಪರೀಕ್ಷೆ ನಡೆಯಿತು. ಉತ್ತರ ಹಾಳೆ ತಿದ್ದಿದ ಆರೋಪ ಎದ್ದು ಕಲಬುರಗಿಯಿಂದ ಬೆಂಗಳೂರಿನ ತನಕ ಸಿ.ಐ.ಡಿ. ಬಂಧನಗಳಾದವು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿ 23ಕ್ಕೆ. ನ್ಯಾಯವಾಗಿ ಓದಿ ಬರೆದವರಿಗೂ ಎರಡು ವರ್ಷದ ಮೇಲೆ ಕಾಯುವ ಗತಿ ಬಂತು. ಹಣ ಕೊಟ್ಟವರು ರಸೀದಿ ತೋರಿಸಿ ವಾಪಸ್ ಕೇಳುವಂತಿದೆಯೇ? ಲಂಚ ಕೊಟ್ಟೆ ಅಂದರೆ ಅವರ ಮೇಲೇ ಕೇಸು. ಸಂಘದ ಸಾಲ ಮಾತ್ರ ವಾರ ವಾರ ಕಟ್ಟಲೇಬೇಕು, ಅದೂ ನಿಮ್ಮ ಗುಂಪಿನ ಹದಿನೈದು ಜನರ ಜವಾಬ್ದಾರಿಯ ಮೇಲೆ.

ಅನುಮಾನ ಬಂದರೆ ಕೇಳುವ ದಾರಿ ಇದೆ. ಪರೀಕ್ಷೆ ಆದ ಮೇಲೆ ಓ.ಎಂ.ಆರ್. ಹಾಳೆಯ ಕಾರ್ಬನ್ ಪ್ರತಿ ಕೊಡುತ್ತಾರೆ, ಅದನ್ನು ಟ್ರಂಕಿನಲ್ಲಿ ಜೋಪಾನವಾಗಿಡಿ. ಕೀ ಉತ್ತರ ಬಂದ ಕೂಡಲೇ ಮಗ, ಮಗಳ ಹತ್ತಿರ ಕೂತು ಅಂಕ ಎಣಿಸಿ. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ, ಆಗಲೇ ಬರೆದು ಕೊಡಬೇಕು. ಕಟ್-ಆಫ್ ಎಷ್ಟಕ್ಕೆ ನಿಂತಿತು, ನಮ್ಮ ಹುಡುಗಿಗೆ ಎಷ್ಟು ಬಂತು, ಯಾವ ಮೀಸಲಾತಿಯಲ್ಲಿ ಸೇರಿಸಿದ್ದಾರೆ, ಈ ಮೂರನ್ನು ನೋಡಿಕೊಂಡು ಬರೆಯಿರಿ. ಬರೆಯಲು ಬಾರದಿದ್ದರೆ ನಮ್ಮ ಕಾರ್ಯಕರ್ತೆಯರು ಇದ್ದಾರೆ.

ಬರುವ ತಿಂಗಳ ಸಭೆಗೆ, ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮಕ್ಕಳಿದ್ದವರು ಅವರ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ ಮತ್ತು ಶಾಲೆ ಬಿಟ್ಟ ದಾಖಲೆಯ ಜೆರಾಕ್ಸ್ ತನ್ನಿ. 371ಜೆ ಇಲ್ಲದವರ ಹೆಸರು ಪಟ್ಟಿ ಮಾಡಿಕೊಂಡು ಎಲ್ಲರೂ ಸೇರಿ ಒಂದೇ ದಿನ ಎ.ಸಿ. ಕಚೇರಿಗೆ ಹೋಗೋಣ.