ಎಳೆಯುವ ಮುನ್ನ ತೂಗಿರಿ: ವಾಹನದ ನಿಜವಾದ ತೂಕವನ್ನು ತಿಳಿಯುವ ಬಗೆ



ಅಂಗಡಿಯಲ್ಲಿ ಅಕ್ಕಿ, ಬೇಳೆ ಕೊಳ್ಳುವಾಗ ಐವತ್ತು ಗ್ರಾಂ ಕಡಿಮೆಯಾದರೂ ನಾವು ಪ್ರಶ್ನಿಸುತ್ತೇವೆ. ಚಿನ್ನ ಕೊಳ್ಳುವಾಗಲಂತೂ ಮಿಲಿಗ್ರಾಮಿನ ಲೆಕ್ಕ ಕೇಳುತ್ತೇವೆ. ಆದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿಗೆ ಹೊರಡುವ ಕಾರಿನ ತೂಕವೆಷ್ಟು ಎಂದು ಯಾರಾದರೂ ಕೇಳಿದರೆ, ನಮ್ಮಲ್ಲಿ ಬಹುಮಂದಿಗೆ ಉತ್ತರ ತಿಳಿದಿರುವುದಿಲ್ಲ. ತಿಳಿದವರೂ ಸಹ ಹೇಳುವುದು ಮಾರಾಟದ ಪತ್ರಿಕೆಯಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು. ಆ ಸಂಖ್ಯೆಗೂ ರಸ್ತೆಯ ಮೇಲೆ ಓಡುತ್ತಿರುವ ವಾಹನದ ತೂಕಕ್ಕೂ ಎಷ್ಟು ಅಂತರವಿರಬಹುದು, ಆ ಅಂತರದಿಂದ ಒದಗುವ ಅಪಾಯವೇನು, ನಿಜವಾದ ತೂಕವನ್ನು ತಿಳಿಯುವ ಬಗೆ ಹೇಗೆ ಎಂಬುದೇ ಇಂದಿನ ಭಾಷಣದ ವಿಷಯ.

ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಎದುರಾಗುವುದು ಒಂದು ವಾಹನವು ಇನ್ನೊಂದನ್ನು ಎಳೆಯುವಾಗ. ಬ್ರಿಟನ್ನಿನಲ್ಲಿ ರಜಾಕಾಲ ಬಂತೆಂದರೆ ಅಸಂಖ್ಯಾತ ಕುಟುಂಬಗಳು ಕಾರಿನ ಹಿಂದೆ ಗಾಲಿಯ ಮೇಲಣ ಮನೆಯೊಂದನ್ನು ಕೊಂಡಿಗೆ ಸಿಕ್ಕಿಸಿಕೊಂಡು ಹೊರಡುತ್ತವೆ. ಇದಕ್ಕೆ ಕ್ಯಾರವಾನ್ ಎಂದು ಹೆಸರು. ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ ಎಲ್ಲವೂ ಇದರಲ್ಲಿರುತ್ತವೆ. 1885ರಲ್ಲಿ ಡಾಕ್ಟರ್ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬವರು ವಿಹಾರಕ್ಕಾಗಿ ಮಾಡಿಸಿದ ‘ವಾಂಡರರ್’ ಎಂಬ ಬಂಡಿಯು ಸುಮಾರು ಎರಡು ಟನ್ ತೂಗುತ್ತಿತ್ತು. ಅದನ್ನು ಕುದುರೆಗಳು ಎಳೆಯುತ್ತಿದ್ದವು. ಕುದುರೆಗೆ ಭಾರ ಹೆಚ್ಚಾದರೆ ಅದು ನಿಲ್ಲುತ್ತದೆ, ಮುಗ್ಗರಿಸುತ್ತದೆ. ಒಡೆಯನಿಗೆ ಕೂಡಲೇ ತಿಳಿಯುತ್ತದೆ. ಯಂತ್ರವು ಹಾಗೆ ಹೇಳುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಮಿತಿಮೀರಿದ ಭಾರವನ್ನೂ ಅದು ಸಲೀಸಾಗಿ ಎಳೆಯುತ್ತದೆ. ಇಳಿಜಾರಿನಲ್ಲಿ, ತಿರುವಿನಲ್ಲಿ, ಬೀಸುಗಾಳಿಯಲ್ಲಿ ಮಾತ್ರ ಅದರ ಅಶಕ್ತತೆ ಬಯಲಾಗುತ್ತದೆ.

ಆಗ ಸಂಭವಿಸುವುದೇನು? ಪಕ್ಕದಿಂದ ಗಾಳಿ ಬೀಸಿದಾಗ ಅಥವಾ ದೊಡ್ಡ ಲಾರಿಯೊಂದು ಹಾದುಹೋದಾಗ ಹಿಂದಿನ ಬಂಡಿ ಎಡಕ್ಕೂ ಬಲಕ್ಕೂ ತೊನೆಯತೊಡಗುತ್ತದೆ. ಪ್ರತಿಯೊಂದು ತೊನೆತವೂ ಕಾರಿನ ಹಿಂಭಾಗವನ್ನು ಅಡ್ಡಡ್ಡಲಾಗಿ ನೂಕುತ್ತದೆ. ಕಾರು ಬಂಡಿಗಿಂತ ಸಾಕಷ್ಟು ಭಾರವಾಗಿದ್ದರೆ ಆ ನೂಕನ್ನು ತಾಳಿಕೊಂಡು ಅದನ್ನು ಹತೋಟಿಗೆ ತರುತ್ತದೆ. ಭಾರದಲ್ಲಿ ಎರಡೂ ಸರಿಸಮವಾಗಿದ್ದರೆ ತೊನೆತ ಬೆಳೆಯುತ್ತಲೇ ಹೋಗಿ ಎರಡೂ ಉರುಳಬಹುದು. ವೇಗ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನದ ಚಲನಶಕ್ತಿಗಿಂತ 80 ಕಿಲೋಮೀಟರ್ ವೇಗದಲ್ಲಿರುವಾಗ ಅದು ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟಾಗಿರುತ್ತದೆ. ಆದುದರಿಂದಲೇ ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವ ಕಾರುಗಳಿಗೆ ಸಾಮಾನ್ಯ ರಸ್ತೆಗಳಲ್ಲಿ ಗಂಟೆಗೆ 50 ಮೈಲಿ, ಮೋಟಾರುಮಾರ್ಗಗಳಲ್ಲಿ 60 ಮೈಲಿಗಳ ಪ್ರತ್ಯೇಕ ವೇಗಮಿತಿಯನ್ನು ವಿಧಿಸಲಾಗಿದೆ.

ಅಲ್ಲಿನ ಕ್ಯಾರವಾನ್ ಸಂಸ್ಥೆಗಳು ಬಹುಕಾಲದಿಂದ ಒಂದು ಸಲಹೆಯನ್ನು ನೀಡುತ್ತ ಬಂದಿವೆ. ಹೊಸಬರು ಎಳೆಯುವ ಬಂಡಿಯ ಭರ್ತಿ ತೂಕವು ಕಾರಿನ ಬರಿತೂಕದ ಶೇಕಡ 85ನ್ನು ಮೀರಬಾರದು. ನುರಿತವರಿಗೂ ಅದು ಶೇಕಡ 100ನ್ನು ಮೀರಬಾರದು. ಇದು ಕಾನೂನಲ್ಲ, ಹಿತವಚನ. ಕಾನೂನಿನ ಮಿತಿ ತಯಾರಕರು ಗೊತ್ತುಪಡಿಸಿದ್ದು. 2021ರ ಡಿಸೆಂಬರಿನಿಂದ ಆ ದೇಶದಲ್ಲಿ ಸಾಮಾನ್ಯ ಕಾರು ಪರವಾನಗಿ ಉಳ್ಳವರೆಲ್ಲರೂ ಬೇರೊಂದು ಪರೀಕ್ಷೆಯಿಲ್ಲದೆ 3,500 ಕಿಲೋಗ್ರಾಂವರೆಗಿನ ಬಂಡಿಗಳನ್ನು ಎಳೆಯಬಹುದಾಗಿದೆ. ಪರೀಕ್ಷೆ ಇಲ್ಲವಾದಾಗ ತೂಕ ತಿಳಿಯುವ ಹೊಣೆ ಪೂರ್ಣವಾಗಿ ಚಾಲಕನ ಮೇಲೆಯೇ ಬೀಳುತ್ತದೆ.

ಇನ್ನು ‘ಬರಿತೂಕ’ ಎಂದರೇನು? ಗೊಂದಲ ಮೊದಲಾಗುವುದು ಇಲ್ಲಿಯೇ. ನಮ್ಮ 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ, ವಾಹನದೊಡನೆ ಸಾಮಾನ್ಯವಾಗಿ ಬಳಸುವ ಸಲಕರಣೆಗಳೆಲ್ಲ ಸೇರಿದ, ಆದರೆ ಚಾಲಕನ ಅಥವಾ ಸಹಾಯಕನ ತೂಕ ಸೇರದ ತೂಕವೇ ಬರಿತೂಕ. ಬ್ರಿಟನ್ನಿನ ಹಳೆಯ ವ್ಯಾಖ್ಯೆಯಲ್ಲಿಯೂ ಚಾಲಕನಿಲ್ಲ. ಇಂಧನದ ತೊಟ್ಟಿ ಮಾತ್ರ ತುಂಬಿರಬೇಕು. ಯೂರೋಪಿನ ವ್ಯಾಖ್ಯೆಯಲ್ಲಾದರೋ ತೊಟ್ಟಿ ಶೇಕಡ 90ರಷ್ಟು ತುಂಬಿದ್ದು, 75 ಕಿಲೋಗ್ರಾಮಿನ ಚಾಲಕನನ್ನು ಸೇರಿಸಿ ಲೆಕ್ಕಹಾಕಲಾಗುತ್ತದೆ. ಹೀಗೆ ಒಂದೇ ಕಾರಿಗೆ ಎರಡು ಪುಸ್ತಕಗಳಲ್ಲಿ ಎರಡು ತೂಕಗಳು ಕಾಣಿಸಿಕೊಂಡರೆ ಎರಡೂ ಸುಳ್ಳಲ್ಲ. ಅಳತೆಯ ನಿಯಮ ಬೇರೆ, ಅಷ್ಟೆ.

ಅಚ್ಚಾದ ಸಂಖ್ಯೆ ಮತ್ತೊಂದು ಕಾರಣದಿಂದಲೂ ನಂಬಲರ್ಹವಲ್ಲ. ಅದು ಸಾಮಾನ್ಯವಾಗಿ ಒಂದು ಮಾದರಿಯ ಕಾರುಗಳಿಗೆಲ್ಲ ಅನ್ವಯಿಸುವಂತೆ ಕೊಟ್ಟದ್ದು. ಡೀಸೆಲ್ ಎಂಜಿನ್, ಗಾಜಿನ ಛಾವಣಿ, ಅಗಲವಾದ ಟೈರು, ಕೊಂಡಿಯ ಚೌಕಟ್ಟು, ಛಾವಣಿಯ ಕ್ಯಾರಿಯರ್ ಇವೆಲ್ಲ ಸೇರಿದಂತೆ ತೂಕ ಏರುತ್ತದೆ. 45 ಲೀಟರ್ ಪೆಟ್ರೋಲ್ ಒಂದೇ ಸುಮಾರು 33 ಕಿಲೋಗ್ರಾಂ ಆಗುತ್ತದೆ. ಬಂಡಿಯ ತೊಟ್ಟಿಯಲ್ಲಿರುವ ಪ್ರತಿ ಲೀಟರ್ ನೀರು ಒಂದು ಕಿಲೋಗ್ರಾಂ. ಇವುಗಳನ್ನೆಲ್ಲ ಊಹೆಯಿಂದ ಕೂಡಿಸುವುದಕ್ಕಿಂತ ವಾಹನವನ್ನೇ ತೂಗುವುದು ಮೇಲು.

ತೂಗುವ ಸ್ಥಳ ನಿಮಗೆ ಅಪರಿಚಿತವೇನಲ್ಲ. ಲಾರಿಗಳನ್ನು ನಿಲ್ಲಿಸಿ ತೂಗುವ ಆ ಉಕ್ಕಿನ ವೇದಿಕೆಯನ್ನು ನಮ್ಮ ಕಡೆ ವೇಬ್ರಿಡ್ಜ್ ಎನ್ನುತ್ತಾರೆ; ದೆಹಲಿಯಲ್ಲಿ ಅದು ಧರ್ಮಕಾಂಟಾ, ಮುಂಬಯಿ ಪುಣೆಗಳಲ್ಲಿ ವಜನಕಾಟಾ, ಚೆನ್ನೈಯಲ್ಲಿ ಎಡೈಮೇಡೈ. ಹೆಸರು ಯಾವುದಾದರೂ ಕೆಲಸ ಒಂದೇ. 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮದಂತೆ ಇಂತಹ ಸಾಧನಗಳನ್ನು ನಿಯತಕಾಲದಲ್ಲಿ ಪರೀಕ್ಷಿಸಿ ಮುದ್ರೆ ಒತ್ತಬೇಕು. ತೂಗಿಸುವ ಮೊದಲು ಪರಿಶೀಲನಾ ಪ್ರಮಾಣಪತ್ರವನ್ನು ನೋಡಲು ಕೇಳುವ ಹಕ್ಕು ನಿಮಗಿದೆ ಎಂಬುದನ್ನು ಮರೆಯಬೇಡಿ. ತೂಕದ ಚೀಟಿಯನ್ನು ಪಡೆದು ಜೋಪಾನವಾಗಿಡಿ.

ತೂಗುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಕಾರಿನ ಪುಸ್ತಕದಲ್ಲಿರುವ ಬರಿತೂಕ 1,500 ಕಿಲೋಗ್ರಾಂ. ಕ್ಯಾರವಾನಿನ ಫಲಕದಲ್ಲಿ ನಮೂದಾದ ಗರಿಷ್ಠ ತೂಕ 1,300 ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಪ್ರಮಾಣ ಸುಮಾರು ಶೇಕಡ 87. ಚಿಂತೆಯಿಲ್ಲವೆಂದು ತೋರುತ್ತದೆ.

ಮೊದಲನೆಯದಾಗಿ, ಇಂಧನ ತುಂಬಿಸಿ, ಸಾಮಾನುಗಳನ್ನೆಲ್ಲ ತೆಗೆದು, ಎಲ್ಲರೂ ಕೆಳಗಿಳಿದು ಕಾರನ್ನು ಮಾತ್ರ ತೂಗಿರಿ. ಚೀಟಿಯಲ್ಲಿ 1,440 ಎಂದು ಬಂತು. ಎರಡನೆಯದಾಗಿ, ಪ್ರಯಾಣಕ್ಕೆ ಹೊರಟಂತೆಯೇ ಎಲ್ಲರೂ ಕುಳಿತು, ಸಾಮಾನು ತುಂಬಿಸಿ, ಬಂಡಿಯನ್ನು ಬಿಚ್ಚಿ ಕಾರನ್ನು ತೂಗಿರಿ. 1,810 ಬಂತು. ಮೂರನೆಯದಾಗಿ, ಭರ್ತಿ ಮಾಡಿದ ಬಂಡಿಯನ್ನು ಕೊಂಡಿಗೆ ಸಿಕ್ಕಿಸಿ, ಕಾರಿನ ನಾಲ್ಕು ಚಕ್ರಗಳು ಮಾತ್ರ ವೇದಿಕೆಯ ಮೇಲಿರುವಂತೆ ನಿಲ್ಲಿಸಿರಿ. 1,895 ಬಂತು. ನಾಲ್ಕನೆಯದಾಗಿ, ಮುಂದಕ್ಕೆ ಸರಿದು ಬಂಡಿಯ ಚಕ್ರಗಳನ್ನು ಮಾತ್ರ ತೂಗಿರಿ. 1,305 ಬಂತು.

ಈಗ ಲೆಕ್ಕ ಸುಲಭ. ಮೂರನೆಯ ತೂಕದಲ್ಲಿ ಎರಡನೆಯದನ್ನು ಕಳೆದರೆ 85 ಕಿಲೋಗ್ರಾಂ. ಇದು ಬಂಡಿ ಕೊಂಡಿಯ ಮೇಲೆ ಹೇರುವ ಮುಂಭಾರ. ಇದನ್ನು ನಾಲ್ಕನೆಯದಕ್ಕೆ ಕೂಡಿಸಿದರೆ ಬಂಡಿಯ ನಿಜವಾದ ತೂಕ 1,390. ಫಲಕದ ಮಿತಿಗಿಂತ 90 ಕಿಲೋಗ್ರಾಂ ಹೆಚ್ಚು! ಈ 1,390ನ್ನು ಕಾರಿನ ನಿಜವಾದ ಬರಿತೂಕ 1,440ಕ್ಕೆ ಹೋಲಿಸಿದರೆ ಪ್ರಮಾಣ ಶೇಕಡ 96ನ್ನೂ ಮೀರಿತು. ಶೇಕಡ 87 ಎಂದು ನಂಬಿ ಹೊರಟ ಕುಟುಂಬವು ತನಗರಿವಿಲ್ಲದೆಯೇ ಅಪಾಯದ ಅಂಚಿನಲ್ಲಿ ಸಾಗುತ್ತಿದೆ. ಕಾರು ತುಸು ಹಗುರ, ಬಂಡಿ ತುಸು ಭಾರ. ಎರಡು ಸಣ್ಣ ತಪ್ಪುಗಳು ಒಂದೇ ದಿಕ್ಕಿನಲ್ಲಿ ಕೂಡಿಕೊಂಡಿವೆ.

ಮುಂಭಾರದ ಮಾತು ನಮ್ಮ ರೈತರಿಗೆ ಹೊಸದಲ್ಲ. ಎತ್ತಿನ ಗಾಡಿಯಲ್ಲಿ ಹೇರು ಮುಂದಕ್ಕೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಹದವಾಗಿ ಹೇರುವುದೇ ಜಾಣತನ. ಕ್ಯಾರವಾನಿನಲ್ಲಿಯೂ ಹಾಗೆಯೇ. ಬ್ರಿಟನ್ನಿನಲ್ಲಿ ಮುಂಭಾರವು ಬಂಡಿಯ ಭರ್ತಿ ತೂಕದ ಶೇಕಡ 5ರಿಂದ 7ರಷ್ಟಿರಲೆಂದು ಸಲಹೆ ಮಾಡುತ್ತಾರೆ. ಆಸ್ಟ್ರೇಲಿಯದಲ್ಲಿ ಸುಮಾರು ಶೇಕಡ 10 ರೂಢಿ. ಕಾರು ಮತ್ತು ಕೊಂಡಿಗೆ ತಯಾರಕರು ಗೊತ್ತುಪಡಿಸಿದ ಮಿತಿಯನ್ನಂತೂ ಮೀರುವಂತಿಲ್ಲ. ಮುಂಭಾರ ತೀರ ಕಡಿಮೆಯಾದರೆ ಬಂಡಿ ತೊನೆಯುತ್ತದೆ. ತೀರ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ದೊಡ್ಡ ವೇದಿಕೆಗಳು ಐದು, ಹತ್ತು ಕಿಲೋಗ್ರಾಮಿನ ಅಂತರದಲ್ಲಿ ತೂಕ ತೋರಿಸುವುದರಿಂದ ಮುಂಭಾರವನ್ನು ಸೂಕ್ಷ್ಮವಾಗಿ ತಿಳಿಯಬೇಕೆನ್ನುವವರು ಬಂಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಅದರ ಕೊಂಡಿಯ ಕೆಳಗೆ ಮರದ ತುಂಡೊಂದನ್ನು ಆಸರೆಯಾಗಿಟ್ಟು, ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ತೂಗುವುದುಂಟು.

ತೂಕ ಮಿತಿಮೀರಿದ್ದರೆ ಮಾಡಬೇಕಾದುದು ಇಷ್ಟೇ. ಅನಗತ್ಯ ಸಾಮಾನುಗಳನ್ನು ಮನೆಯಲ್ಲಿಯೇ ಬಿಡಿ. ನೀರಿನ ತೊಟ್ಟಿಯನ್ನು ತಂಗುವ ಸ್ಥಳದಲ್ಲಿ ತುಂಬಿಕೊಳ್ಳಿ. ಭಾರವಾದ ವಸ್ತುಗಳು ಬಂಡಿಯ ಅಚ್ಚಿನ ಸಮೀಪದಲ್ಲಿ, ನೆಲಮಟ್ಟದಲ್ಲಿ ಇರಲಿ. ಟೈರುಗಳಿಗೆ ಪೂರ್ಣಭಾರಕ್ಕೆ ಹೇಳಿದ ಗಾಳಿಯನ್ನು ತುಂಬಿಸಿ. ದಾರಿಯಲ್ಲಿ ಬಂಡಿ ತೊನೆಯತೊಡಗಿದರೆ ಗಾಬರಿಯಿಂದ ಬ್ರೇಕನ್ನು ಬಲವಾಗಿ ಒತ್ತಬೇಡಿ, ವೇಗವನ್ನೂ ಹೆಚ್ಚಿಸಬೇಡಿ. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆಯಿರಿ.

‘ಇದೆಲ್ಲ ಪರದೇಶದ ಮಾತಾಯಿತು, ನಮಗೇನು?’ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿಯೂ ಕ್ಯಾರವಾನ್ ಪ್ರವಾಸಕ್ಕೆ ಪ್ರೋತ್ಸಾಹ ದೊರೆಯುತ್ತಿದೆ; ಮಹಾರಾಷ್ಟ್ರ ಸರ್ಕಾರವು 2021ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಇಲ್ಲಿ ಹೆಚ್ಚಾಗಿ ಕಾಣುವುದು ಎಂಜಿನನ್ನು ತನ್ನಲ್ಲಿಯೇ ಹೊಂದಿದ ಕ್ಯಾರವಾನ್. ಕಾರಿನಿಂದ ಬಂಡಿ ಎಳೆಯುವ ಆಸೆಯುಳ್ಳವರು ತಮ್ಮ ಕಾರು ಎಳೆಯುವುದಕ್ಕೆ ಯೋಗ್ಯವೇ ಎಂಬುದನ್ನು ತಯಾರಕರ ಕೈಪಿಡಿಯಲ್ಲಿಯೂ, ನೋಂದಣಿಯ ವಿಧಿಗಳನ್ನು ಸಾರಿಗೆ ಕಚೇರಿಯಲ್ಲಿಯೂ ಮೊದಲು ತಿಳಿದುಕೊಳ್ಳಬೇಕು.

ಆದರೆ ಎಳೆಯುವ ಬಂಡಿಯೆಂದರೆ ಕ್ಯಾರವಾನ್ ಒಂದೇ ಅಲ್ಲ. ಕಬ್ಬಿನ ಹಂಗಾಮಿನಲ್ಲಿ ಕೊಲ್ಲಾಪುರ, ಸಾಂಗಲಿ, ಬೆಳಗಾವಿ, ಬಾಗಲಕೋಟೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳನ್ನು ನೀವು ಕಂಡಿದ್ದೀರಿ. ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದು ಹಲವು ಪಟ್ಟು ಭಾರವಾದಾಗ ಇಳಿಜಾರಿನಲ್ಲಿ ಯಾವುದು ಯಾವುದನ್ನು ನಡೆಸುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ತುಂಬಿದ ಗಾಡಿಯನ್ನೂ ಬರಿದಾದ ಗಾಡಿಯನ್ನೂ ತೂಗಿ ಕಬ್ಬಿನ ತೂಕವನ್ನು ಕಂಡುಹಿಡಿಯುತ್ತಾರೆ. ಹಣದ ಸಲುವಾಗಿ ಆ ಚೀಟಿಯನ್ನು ಎಚ್ಚರದಿಂದ ನೋಡುವ ರೈತಬಂಧುಗಳು ಪ್ರಾಣದ ಸಲುವಾಗಿಯೂ ಅದನ್ನೊಮ್ಮೆ ನೋಡಬೇಕು.

ಬಂಡಿ ಎಳೆಯದ ಕಾರಿಗೂ ಈ ಮಾತು ಸಲ್ಲುತ್ತದೆ. ಒಟ್ಟು ತೂಕದ ಮಿತಿ 1,400, ಬರಿತೂಕ 970 ಇರುವ ಕಾರೊಂದು ಹೊರಬಲ್ಲುದು 430 ಕಿಲೋಗ್ರಾಂ ಮಾತ್ರ. ತಲಾ 65 ಕಿಲೋಗ್ರಾಮಿನ ಐದು ಮಂದಿ, 80 ಕಿಲೋಗ್ರಾಂ ಪೆಟ್ಟಿಗೆಗಳು, ಛಾವಣಿಯ ಮೇಲೆ ಊರಿಗೊಯ್ಯುವ 60 ಕಿಲೋಗ್ರಾಂ ಸಾಮಾನು ಎಂದರೆ 465 ಆಯಿತು. ಆಸನಗಳಿರುವಷ್ಟೇ ಜನ ಕುಳಿತಿದ್ದರೂ ಮಿತಿ ಮೀರಿತು. ಮುಂಬಯಿಯಿಂದ ಹೊರಟು ಘಟ್ಟವಿಳಿಯುವಾಗ ಬ್ರೇಕುಗಳು ಕಾದು ಶಕ್ತಿಗುಂದುವುದು ಇಂತಹ ಕಾರುಗಳಲ್ಲಿಯೇ. ಘಟ್ಟವನ್ನು ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಧಿನಿಯಮದ 113ನೆಯ ಪ್ರಕರಣದಂತೆ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕವನ್ನು ಮೀರಿ ಮೋಟಾರು ವಾಹನವನ್ನಾಗಲಿ ಟ್ರೇಲರನ್ನಾಗಲಿ ನಡೆಸುವಂತಿಲ್ಲ. 114ನೆಯ ಪ್ರಕರಣವು ಸರಕು ವಾಹನ ಅಥವಾ ಟ್ರೇಲರನ್ನು ತೂಗಿಸುವ ಅಧಿಕಾರವನ್ನು ಅಧಿಕೃತ ಅಧಿಕಾರಿಗೆ ನೀಡಿದೆ. 2019ರ ತಿದ್ದುಪಡಿಯು ಅಧಿಕಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಹೆಚ್ಚಿನ ಭಾರವನ್ನು ಇಳಿಸದೆ ವಾಹನ ಮುಂದಕ್ಕೆ ಸಾಗುವಂತಿಲ್ಲ. ಆದರೆ ದಂಡ ತೆತ್ತ ಮಾತ್ರಕ್ಕೆ ಭಾರ ಹಗುರವಾಗುವುದಿಲ್ಲ. ದಂಡವನ್ನು ಕಟ್ಟಿ ಮುಗಿಸಬಹುದು, ಅಪಘಾತದಲ್ಲಿ ಕಳೆದುಕೊಂಡವರನ್ನು ಮರಳಿ ತರಲಾಗದು.

ಆದಕಾರಣ, ಮಹನೀಯರೇ, ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಸಮೀಪದ ವೇಬ್ರಿಡ್ಜಿಗೆ ಒಮ್ಮೆ ಹೋಗಿ ಬನ್ನಿರಿ. ನೋಂದಣಿ ಪತ್ರ, ತಯಾರಕರ ಫಲಕ ಮತ್ತು ತೂಕದ ಚೀಟಿ ಈ ಮೂರನ್ನೂ ಒಟ್ಟಿಗಿಟ್ಟು ಓದಿರಿ. ಕೆಲವು ನಿಮಿಷಗಳ ಕೆಲಸ, ಅಲ್ಪ ವೆಚ್ಚ. ನಿಮ್ಮ ವಾಹನ ಹೊತ್ತು ಎಳೆಯುತ್ತಿರುವುದೆಷ್ಟೆಂಬುದು ಆಗ ನಿಮಗೆ ಖಚಿತವಾಗಿ ತಿಳಿದಿರುತ್ತದೆ.